ಹಡಗಿನ ಪ್ರವಾಸ: ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ವ್ಯಾಪಾರಕ್ಕೂ ಸಮುದ್ರಕ್ಕೂ ಇರುವ ನಂಟು ಹೊಸದಲ್ಲ. 19ನೆಯ ಶತಮಾನದಲ್ಲಿ ಧಾರವಾಡ ಜಿಲ್ಲೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರನ್ನು ಸೇರಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಆ ಕಾರಣದಿಂದಲೇ ಮುಂಬಯಿ ಪೇಟೆಯಲ್ಲಿ ಈ ನಾಡಿನ ಹತ್ತಿಗೆ 'ಕುಮಟಾ' ಎಂಬ ಹೆಸರು ನಿಂತಿತು. ಅಂದು ಸರಕು ಹಡಗನ್ನೇರುತ್ತಿತ್ತು. ವರ್ತಕನು ಊರಿನಲ್ಲಿ ಕುಳಿತು ಗಾಡಿ ಬಾಡಿಗೆ, ಹಮಾಲಿ, ತೂಕದ ಕಡಿತ, ಹಡಗಿನ ಸಾಗಣೆ ಎಲ್ಲವನ್ನೂ ಕೀರ್ದಿಯಲ್ಲಿ ಬರೆಯುತ್ತಿದ್ದನು. ಇಂದು ವರ್ತಕನೇ ಪತ್ನೀಸಮೇತನಾಗಿ ಹಡಗನ್ನೇರುತ್ತಿದ್ದಾನೆ. ಆದರೆ ಆ ಪ್ರಯಾಣದ ಲೆಕ್ಕವನ್ನು ಬರೆಯುವವರು ಕಡಿಮೆ.

ಇಲ್ಲಿ ಹೇಳಹೊರಟಿರುವುದು ಸ್ವಂತ ಹಣದಿಂದ ಕೈಗೊಳ್ಳುವ ವಿಹಾರದ ಮಾತಲ್ಲ. ಬೀಜ, ಕೀಟನಾಶಕ, ಸಿಮೆಂಟು, ಬಣ್ಣ, ಟೈರು, ಪಂಪ್‌ಸೆಟ್ ಮುಂತಾದ ವಸ್ತುಗಳ ತಯಾರಕರು, ನಿಗದಿತ ಗುರಿ ತಲುಪಿದ ವಿತರಕರಿಗೂ ಚಿಲ್ಲರೆ ಮಾರಾಟಗಾರರಿಗೂ ಕೊಡುವ 'ಜೋಡಿ ಪ್ರವಾಸ'ದ ಮಾತು. ಒಂದು ಕಾಲಕ್ಕೆ ಇಂತಹ ಬಹುಮಾನವೆಂದರೆ ಗೋಡೆ ಗಡಿಯಾರ, ಬೆಳ್ಳಿಯ ನಾಣ್ಯ, ಹೆಚ್ಚೆಂದರೆ ಒಂದು ದ್ವಿಚಕ್ರ ವಾಹನ. ಅನಂತರ ಸಿಂಗಾಪುರ, ಬ್ಯಾಂಕಾಕ್‌ಗಳ ವಿಮಾನ ಪ್ರವಾಸ ಬಂತು. ಈಗ ಆ ಸಾಲಿಗೆ ವಿಹಾರ ನೌಕೆ ಸೇರಿದೆ.

ಮುಂಬಯಿಯಿಂದಲೇ ಹೊರಡುವ ವಿಹಾರ ನೌಕೆಗಳು ದೊರಕುತ್ತಿರುವುದು ಈ ಬದಲಾವಣೆಗೆ ಮುಖ್ಯ ಕಾರಣ. 2018ರ ಅಕ್ಟೋಬರಿನಲ್ಲಿ 'ಆಂಗ್ರಿಯಾ' ಹಡಗು ಮುಂಬಯಿ–ಗೋವಾ ನಡುವೆ ಸಂಚಾರ ಆರಂಭಿಸಿತು. 2019ರಲ್ಲಿ ಜಲೇಶ್ ಸಂಸ್ಥೆಯ 'ಕರ್ಣಿಕಾ' ಬಂತು; ಕೋವಿಡ್ ಹೊಡೆತಕ್ಕೆ ಸಿಲುಕಿ 2020ರಲ್ಲಿ ಆ ಸಂಸ್ಥೆ ಮುಚ್ಚಿಹೋಯಿತು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಸಂಸ್ಥೆಯ 'ಎಂಪ್ರೆಸ್' ಮುಂಬಯಿಯಿಂದ ಗೋವಾ, ಲಕ್ಷದ್ವೀಪ, ಕೊಚ್ಚಿಗಳ ಕಡೆಗೆ ಯಾನ ಆರಂಭಿಸಿತು. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರಕಾರವು 'ಕ್ರೂಸ್ ಭಾರತ್' ಅಭಿಯಾನವನ್ನು ಪ್ರಾರಂಭಿಸಿ, 2029ರೊಳಗೆ ಇಂತಹ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿಯನ್ನಿರಿಸಿತು. ದೇಶದೊಳಗಿನ ಬಂದರುಗಳ ನಡುವಿನ ಯಾನಕ್ಕೆ ಭಾರತೀಯರಿಗೆ ಪಾಸ್‌ಪೋರ್ಟು, ವೀಸಾಗಳ ತೊಡಕಿಲ್ಲ. ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ಮರುದಿನ ಮುಂಬಯಿ. ತಾಲ್ಲೂಕು ಮಟ್ಟದ ಅಂಗಡಿಕಾರರವರೆಗೂ ಈ ಆಮಿಷ ಬಂದು ತಲುಪಲು ಇಷ್ಟು ಸಾಕು.

ದಂಪತಿಗಳ ಅನುಭವ

ಉದಾಹರಣೆಗೆ ಹಾನಗಲ್ಲ ಪೇಟೆಯ ಒಂದು ಬೀಜ–ಕೀಟನಾಶಕ ಪೇಢಿಯನ್ನು ಕಲ್ಪಿಸಿಕೊಳ್ಳಬಹುದು. ಇದು ಯಾವುದೇ ನಿರ್ದಿಷ್ಟ ಅಂಗಡಿಯ ಕಥೆಯಲ್ಲ. ಮುಂದೆ ಬರುವ ಅಂಕಿಗಳೂ ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಅಣ್ಣ–ತಮ್ಮಂದಿರಿಬ್ಬರು ಸಮಪಾಲಿನ ಭಾಗೀದಾರರು. ಅಣ್ಣ ಗಲ್ಲಾದ ಮೇಲೆ ಕೂರುತ್ತಾನೆ. ತಮ್ಮ ಹಳ್ಳಿಗಳಲ್ಲಿ ತಿರುಗಿ ಉದ್ರಿ ವಸೂಲಿ ಮಾಡುತ್ತಾನೆ. ಅಣ್ಣನ ಪತ್ನಿ ರಾತ್ರಿ ಊಟವಾದ ಮೇಲೆ ಉದ್ರಿ ಪುಸ್ತಕ ಹಿಡಿದು ಕೂರುತ್ತಾಳೆ. ಮದುವೆಯಾದಂದಿನಿಂದ ಇವರಿಬ್ಬರೂ ಒಟ್ಟಿಗೆ ಮೂರು ದಿನ ಅಂಗಡಿ ಬಿಟ್ಟು ಹೋದದ್ದಿಲ್ಲ. ಹೋದರೂ ಮದುವೆ, ಮುಂಜಿವೆ, ಜಾತ್ರೆ. ಇಂತಹ ದಂಪತಿಗಳಿಗೆ ಕಂಪನಿಯಿಂದ ಹಡಗಿನ ಕರೆ ಬಂದಾಗ ಆಗುವ ಸಂತೋಷವನ್ನು ಲಘುವಾಗಿ ಕಾಣಲಾಗದು.

ಹಡಗಿನಲ್ಲಿ ಆ ಸಂತೋಷ ನಿಜವಾಗಿಯೂ ದೊರೆಯುತ್ತದೆ. ಹತ್ತು ಮಾಳಿಗೆಯ ಕಟ್ಟಡದಷ್ಟು ಎತ್ತರದ ನೌಕೆ, ಒಳಗೇ ಈಜುಕೊಳ, ನಾಟಕ ಶಾಲೆ, ಹೊತ್ತುಹೊತ್ತಿಗೆ ಸಸ್ಯಾಹಾರದ ಪಂಕ್ತಿ. ದಡ ಮರೆಯಾದ ಮೇಲೆ ದೂರವಾಣಿಯ ಸಂಕೇತವೂ ಮರೆಯಾಗುತ್ತದೆ. ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಯಾವ ಗಿರಾಕಿಯೂ 'ಅಣ್ಣಾರ, ಔಷಧ ಬಂತೇನ್ರಿ' ಎಂದು ಕೇಳದ ದಿನವೊಂದು ದಂಪತಿಗಳಿಗೆ ಸಿಗುತ್ತದೆ.

ಆದರೆ ಟಿಕೆಟಿನಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂಬುದು ತಿಳಿಯುವುದೂ ಅಲ್ಲಿಯೇ. ಅಗ್ಗದ ದರ್ಜೆಯ ಒಳಕೋಣೆಗೆ ಕಿಟಕಿಯೇ ಇರುವುದಿಲ್ಲ. ಸಮುದ್ರ ನೋಡಲು ಮೇಲಿನ ಅಟ್ಟಕ್ಕೆ ಹೋಗಬೇಕು. ಹಡಗಿನಲ್ಲಿ ರೊಕ್ಕ ನಡೆಯದು. ಕೋಣೆಯ ಕಾರ್ಡನ್ನೇ ಎಲ್ಲೆಡೆ ಉಜ್ಜಬೇಕು. ಪಾನೀಯ, ಅಂತರಜಾಲ, ದಡದ ಮೇಲಿನ ಸುತ್ತಾಟ, ಛಾಯಾಚಿತ್ರ, ವೈದ್ಯರ ಭೇಟಿ ಸಾಮಾನ್ಯವಾಗಿ ಪ್ರತ್ಯೇಕ. ಕೈಯಿಂದ ನೋಟು ಹೋಗುವುದು ಕಾಣದಿರುವುದರಿಂದ ಖರ್ಚಿನ ಅರಿವು ಕೊನೆಯ ದಿನದ ಬಿಲ್ಲಿನಲ್ಲಷ್ಟೇ ಆಗುತ್ತದೆ. ಮೊಬೈಲನ್ನು ಆರಿಸದೆ ಬಿಟ್ಟರೆ ಅದು ಹಡಗಿನ ಉಪಗ್ರಹ ಜಾಲವನ್ನು ಹಿಡಿದು, ಊರಿಗೆ ಬಂದ ಮೇಲೆ ದುಬಾರಿ ಬಿಲ್ಲನ್ನು ತೋರಿಸುವುದೂ ಉಂಟು. ಕ್ಯಾಸಿನೋದಲ್ಲಿ ಸೋತದ್ದು ಯಾವ ಲೆಕ್ಕದಲ್ಲಿಯೂ ವಜಾ ಆಗದು, ಗೆದ್ದದ್ದಕ್ಕೆ ಶೇ. 30ರ ತೆರಿಗೆ ತಪ್ಪದು.

ಇವೆಲ್ಲ ಕಣ್ಣಿಗೆ ಕಾಣುವ ಖರ್ಚುಗಳು. ಕಾಣದ ಖರ್ಚುಗಳು ಹಡಗು ಹತ್ತುವ ಮೊದಲೇ ಆರಂಭವಾಗಿರುತ್ತವೆ.

ಕಾನೂನು ಏನು ಹೇಳುತ್ತದೆ

ವ್ಯಾಪಾರದಿಂದ ದೊರೆತ ಸೌಲಭ್ಯವು, ಅದು ಹಣದ ರೂಪದಲ್ಲಿರದಿದ್ದರೂ, ವ್ಯಾಪಾರದ ಆದಾಯವೇ ಎಂಬುದು 1961ರ ಆದಾಯ ತೆರಿಗೆ ಕಾಯಿದೆಯ 28ನೆಯ ಕಲಮಿನಲ್ಲಿ ಬಹುಕಾಲದಿಂದ ಇದ್ದ ನಿಯಮ. ಆದರೆ ಅದನ್ನು ಯಾರೂ ತೋರಿಸುತ್ತಿರಲಿಲ್ಲ. ಇಲಾಖೆಗೆ ತಿಳಿಯುವ ದಾರಿಯೂ ಇರಲಿಲ್ಲ. ಪ್ರವಾಸವೆಂಬುದು ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂಬ ಸ್ಥಿತಿಯಲ್ಲಿತ್ತು.

2022ರ ಹಣಕಾಸು ಕಾಯಿದೆಯು 194ಆರ್ ಎಂಬ ಹೊಸ ಕಲಮನ್ನು ಸೇರಿಸಿ ಈ ಸ್ಥಿತಿಯನ್ನು ಬದಲಿಸಿತು. 2022ರ ಜುಲೈ 1ರಿಂದ, ಒಂದು ಆರ್ಥಿಕ ವರ್ಷದಲ್ಲಿ ಒಬ್ಬ ವ್ಯಾಪಾರಸ್ಥನಿಗೆ ಕೊಟ್ಟ ಸೌಲಭ್ಯಗಳ ಒಟ್ಟು ಮೌಲ್ಯ ರೂ. 20,000 ಮೀರಿದರೆ, ಕೊಡುವವನು ಶೇ. 10ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡಬೇಕಾಯಿತು. ಪ್ಯಾನ್ ಕೊಡದಿದ್ದರೆ ದರ ಶೇ. 20. ಕೇಂದ್ರ ನೇರ ತೆರಿಗೆ ಮಂಡಳಿಯು 2022ರ ಜೂನ್ 16ರಂದು ಹೊರಡಿಸಿದ 12ನೆಯ ಸುತ್ತೋಲೆಯಲ್ಲಿ, ಗುರಿ ತಲುಪಿದ್ದಕ್ಕಾಗಿ ವ್ಯಾಪಾರಸ್ಥನಿಗೂ ಅವನ ಬಂಧುಗಳಿಗೂ ಪ್ರಾಯೋಜಿಸುವ ಪ್ರವಾಸವನ್ನು ಸ್ಪಷ್ಟವಾಗಿ ಈ ವ್ಯಾಪ್ತಿಗೆ ಸೇರಿಸಿತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ತತ್ತ್ವ ಬದಲಾಗಿಲ್ಲ.

ಈ ಸುತ್ತೋಲೆಯ ಮೂರು ಅಂಶಗಳನ್ನು ವರ್ತಕ ಬಾಂಧವರು ವಿಶೇಷವಾಗಿ ಗಮನಿಸಬೇಕು.

ಮೊದಲನೆಯದಾಗಿ, ಸೌಲಭ್ಯವು ಪೂರ್ಣವಾಗಿ ವಸ್ತುರೂಪದಲ್ಲಿದ್ದಾಗ ಕಡಿತ ಮಾಡಲು ಕೈಯಲ್ಲಿ ಹಣವೇ ಇರುವುದಿಲ್ಲ. ಆದುದರಿಂದ ಪ್ರವಾಸಕ್ಕೆ ಕಳುಹಿಸುವ ಮುನ್ನ ತೆರಿಗೆ ಸಂದಾಯವಾಗಿದೆಯೆಂದು ಕಂಪನಿ ಖಾತ್ರಿ ಮಾಡಿಕೊಳ್ಳಬೇಕು. 'ಉಚಿತ' ಪ್ರವಾಸಕ್ಕೆ ಹೊರಡುವ ವಾರದ ಮೊದಲು ಕಂಪನಿಯ ಪ್ರತಿನಿಧಿ ದೂರವಾಣಿ ಮಾಡಿ, ಮುಂಗಡ ತೆರಿಗೆ ತುಂಬಿದ ಚಲನ್ ಕೇಳುವುದು ಇದೇ ಕಾರಣಕ್ಕೆ.

ಎರಡನೆಯದಾಗಿ, 'ವಿತರಕರ ಸಮ್ಮೇಳನ' ಎಂಬ ಹೆಸರಿಟ್ಟ ಮಾತ್ರಕ್ಕೆ ತೆರಿಗೆ ತಪ್ಪುವುದಿಲ್ಲ. ಹೊಸ ಉತ್ಪನ್ನದ ಪರಿಚಯ, ಮಾರಾಟದ ತರಬೇತಿ, ಲೆಕ್ಕಗಳ ತಾಳೆ ಮುಂತಾದವೇ ಮುಖ್ಯ ಉದ್ದೇಶವಾಗಿರುವ ಸಮ್ಮೇಳನಕ್ಕೆ ವಿನಾಯಿತಿಯುಂಟು. ಗುರಿ ತಲುಪಿದ ಆಯ್ದ ಕೆಲವರಿಗಷ್ಟೇ ನಡೆಸುವ ಸಮ್ಮೇಳನಕ್ಕೆ ಆ ವಿನಾಯಿತಿಯಿಲ್ಲ. ವಿಹಾರದ ಭಾಗಕ್ಕೂ, ಜೊತೆಗೆ ಬಂದ ಕುಟುಂಬದವರ ವೆಚ್ಚಕ್ಕೂ ಇಲ್ಲ. ಹಡಗಿನ ಸಭಾಗೃಹದಲ್ಲಿ ಎರಡು ತಾಸು ಉತ್ಪನ್ನದ ಚಿತ್ರ ತೋರಿಸಿ, ಉಳಿದ ಮೂರು ದಿನ ವಿಹರಿಸಿದರೆ ಅದು ಸಮ್ಮೇಳನವೆನಿಸದು.

ಮೂರನೆಯದಾಗಿ, ಪ್ರವಾಸ ಮಾಡಿದವರು ಮಾಲೀಕರೋ ಅವರ ಬಂಧುಗಳೋ ಆಗಿದ್ದರೂ, ಕಡಿತ ಆಗುವುದು ವ್ಯಾಪಾರ ನಡೆಸುವ ಪೇಢಿಯ ಹೆಸರಿನಲ್ಲಿ. ಹಡಗು ಏರಿದವರು ಅಣ್ಣ–ಅತ್ತಿಗೆ. ಆದಾಯ ಸೇರುವುದು ಪೇಢಿಯ ಲೆಕ್ಕಕ್ಕೆ.

ಈ ಕಡಿತ ಪೇಢಿಯ ವಾರ್ಷಿಕ ಮಾಹಿತಿ ಪತ್ರದಲ್ಲಿ ತಾನಾಗಿಯೇ ಮೂಡುತ್ತದೆ. ಅಂದಾಜು ಲಾಭದ ಮೇಲೆ ರಿಟರ್ನ್ ಸಲ್ಲಿಸುವ ಸಣ್ಣ ಅಂಗಡಿಕಾರರಿಗೂ ಇದು ತಪ್ಪಿದ್ದಲ್ಲ. ಅದನ್ನು ಕಾಣದವರಂತೆ ರಿಟರ್ನ್ ಸಲ್ಲಿಸಿದರೆ, ಹಡಗಿನ ಛಾಯಾಚಿತ್ರಗಳು ಮಾಸುವ ಮೊದಲೇ ಇಲಾಖೆಯ ಪ್ರಶ್ನೆ ಬರಬಹುದು.

ಉಚಿತದ ಬೆಲೆ

ಮೇಲಿನ ಪೇಢಿಯ ಪ್ರವಾಸದ ಮೌಲ್ಯ, ಜಿಎಸ್‌ಟಿ ಬಿಟ್ಟು, ಇಬ್ಬರಿಗೆ ರೂ. 1,20,000 ಎಂದಿರಲಿ. ಗುರಿ ತಲುಪಲು ಮುಂಗಾರಿನ ಮೊದಲು ರೂ. 12 ಲಕ್ಷದ ಹೆಚ್ಚುವರಿ ಸರಕನ್ನು ಗೋದಾಮಿಗೆ ಇಳಿಸಿಕೊಳ್ಳಬೇಕಾಯಿತು ಎಂದಿರಲಿ. ಇದು ಹೊಸ ವ್ಯಾಪಾರವಲ್ಲ. ಮುಂದೆ ಬರಲಿದ್ದ ಬೇಡಿಕೆಗೆ ಬೇಕಾದ ಸರಕನ್ನು ಮುಂಚಿತವಾಗಿ ಎಳೆದು ತಂದದ್ದು. ಹೀಗಾಗಿ ಇದರಿಂದ ಲಾಭಾಂಶವೇನೂ ಹೆಚ್ಚುವುದಿಲ್ಲ. ಲೆಕ್ಕ ಹೀಗಾಗುತ್ತದೆ:

ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆಯಲ್ಲಿ ರೂ. 12 ಲಕ್ಷಕ್ಕೆ ಶೇ. 11ರಂತೆ ನಾಲ್ಕು ತಿಂಗಳ ಬಡ್ಡಿ: ರೂ. 44,000

ಅವಧಿ ಸಮೀಪಿಸಿದ ರೂ. 1,50,000 ಮೌಲ್ಯದ ಸರಕನ್ನು ಶೇ. 20 ನಷ್ಟಕ್ಕೆ ಮಾರಿದ್ದು: ರೂ. 30,000

ಈ ರೂ. 74,000 ವ್ಯಾಪಾರದ ವೆಚ್ಚವಾದ್ದರಿಂದ ಶೇ. 31.2ರ ದರದಲ್ಲಿ ಉಳಿಯುವ ತೆರಿಗೆ ವಜಾ: ರೂ. 23,088

ನಿವ್ವಳ ಹೊರೆ: ರೂ. 50,912

ಪ್ರವಾಸದ ಮೌಲ್ಯದ ಮೇಲೆ ಪೇಢಿಯ ತೆರಿಗೆ, ಶೇ. 30 ಮತ್ತು ಅದರ ಮೇಲೆ ಶೇ. 4 ಸೆಸ್: ರೂ. 37,440 (ಇದರಲ್ಲಿ ರೂ. 12,000 ಮುಂಚಿತವಾಗಿಯೇ ಸಂದಾಯ)

ರೈಲು ಪ್ರಯಾಣ, ಹಡಗಿನ ಮೇಲಿನ ಖರ್ಚು, ಮನೆಯವರಿಗೆ ತಂದ ವಸ್ತುಗಳು: ರೂ. 30,000

ಒಟ್ಟು: ರೂ. 1,18,352

ರೂ. 1,20,000 ಬೆಲೆಯ 'ಪುಕ್ಕಟೆ' ಪ್ರವಾಸಕ್ಕೆ ಮನೆಯಿಂದ ಹೋದದ್ದು ರೂ. 1,18,352. ಉಳಿತಾಯ ರೂ. 1,648. ಮಳೆ ಒಂದು ಹದಿನೈದು ದಿನ ಹಿಂದೆ ಸರಿದು ಸರಕು ಇನ್ನೊಂದು ತಿಂಗಳು ಗೋದಾಮಿನಲ್ಲಿ ಉಳಿದರೆ ಆ ಉಳಿತಾಯವೂ ಇಲ್ಲ. ಅವಧಿ ಮೀರಿದ ಕೀಟನಾಶಕವನ್ನು ಮಾರುವಂತೆಯೇ ಇಲ್ಲ. ಕಂಪನಿ ಮರಳಿ ಪಡೆಯದಿದ್ದರೆ ಪೂರ್ತಿ ನಷ್ಟ. ಇದೇ ದಂಪತಿಗಳು ಗುರಿಯ ಗೊಡವೆಗೆ ಹೋಗದೆ, ವ್ಯಾಪಾರ ಕಡಿಮೆಯಿರುವ ತಿಂಗಳಲ್ಲಿ ತಮ್ಮ ಹಣದಿಂದ ಟಿಕೆಟು ಕೊಂಡಿದ್ದರೆ ಹೆಚ್ಚುಕಡಿಮೆ ಟಿಕೆಟಿನ ಬೆಲೆ, ಅದರ ಜಿಎಸ್‌ಟಿ ಮತ್ತು ಪ್ರಯಾಣದ ಮೇಲುಖರ್ಚನ್ನಷ್ಟೇ ಕೊಡಬೇಕಾಗುತ್ತಿತ್ತು. ಕಿಟಕಿಯಿರುವ ಕೋಣೆಯನ್ನು ತಾವೇ ಆರಿಸಿಕೊಳ್ಳಬಹುದಿತ್ತು. ಸಂಜೆಯ ಹೊತ್ತನ್ನು ಕಂಪನಿಯ ಅಧಿಕಾರಿಗಳ ಭಾಷಣಕ್ಕೆ ಮೀಸಲಿಡಬೇಕಾಗಿರಲಿಲ್ಲ.

ಪ್ರತಿಯೊಂದು ಪೇಢಿಯ ಅಂಕಿ ಬೇರೆಯಾಗಿರುತ್ತದೆ. ಗುರಿ ಸಹಜವಾಗಿಯೇ ತಲುಪುವಂತಿದ್ದರೆ ಬಡ್ಡಿಯ ಹೊರೆ ಇರುವುದಿಲ್ಲ. ಆಗ ಪ್ರವಾಸ ನಿಜವಾದ ಲಾಭವೇ ಸರಿ. ಆದರೆ ಅದನ್ನು ತಿಳಿಯಲು ಲೆಕ್ಕ ಹಾಕಲೇಬೇಕು. 'ಇನ್ನು ಎರಡು ಲಕ್ಷದ ಸರಕು ಎತ್ತಿದರೆ ಹಡಗು ನಿಮ್ಮದು' ಎಂದು ಪ್ರತಿನಿಧಿ ಹೇಳುವ ಕ್ಷಣವೇ ಆ ಲೆಕ್ಕದ ಸಮಯ. ಅನಂತರದ ಲೆಕ್ಕ ಬರಿಯ ಪಶ್ಚಾತ್ತಾಪ.

ಅಣ್ಣನ ಹಡಗು, ತಮ್ಮನ ತೆರಿಗೆ

ಈ ಭಾಗದ ಪೇಢಿಗಳಲ್ಲಿ ಬಹಳಷ್ಟು ಅಣ್ಣ–ತಮ್ಮಂದಿರ, ಬೀಗರ, ಗೆಳೆಯರ ಭಾಗೀದಾರಿಕೆಗಳು. ಪ್ರವಾಸಕ್ಕೆ ಇರುವುದು ಎರಡೇ ಟಿಕೆಟು. ಅಣ್ಣ–ಅತ್ತಿಗೆ ಹೋದಾಗ ತಮ್ಮ ಅಂಗಡಿ ನೋಡಿಕೊಂಡನು. ರೂ. 37,440 ತೆರಿಗೆಯನ್ನು ಪೇಢಿ ಕಟ್ಟಿತು. ಅಂದರೆ ಅದರ ಅರ್ಧ ತಮ್ಮನ ಪಾಲಿನಿಂದ ಹೋಯಿತು. ಹಳ್ಳಿ ತಿರುಗಿ ಗುರಿ ತಲುಪಿಸಿದವನು ತಾನು, ಸಮುದ್ರ ನೋಡಿದವರು ಅವರು, ತೆರಿಗೆ ಮಾತ್ರ ಇಬ್ಬರದು ಎಂಬ ಮಾತು ಬಾಯಿಗೆ ಬಾರದಿದ್ದರೂ ಮನಸ್ಸಿನಲ್ಲಿ ಉಳಿಯುತ್ತದೆ. ಅನೇಕ ಪೇಢಿಗಳು ಒಡೆಯುವುದು ದೊಡ್ಡ ನಷ್ಟದಿಂದಲ್ಲ, ಇಂತಹ ಬರೆಯದ ಲೆಕ್ಕಗಳಿಂದ.

ಇದಕ್ಕೆ ಪರಿಹಾರ ಸರಳವಾದ ಒಂದು ನಮೂದು. ಪ್ರವಾಸದ ಮೌಲ್ಯ ರೂ. 1,20,000ವನ್ನು 'ಕಂಪನಿಯ ಪ್ರೋತ್ಸಾಹ ಆದಾಯ' ಎಂದು ಪೇಢಿಯ ಲಾಭಕ್ಕೆ ಜಮಾ ಮಾಡಿ, ಅಷ್ಟೇ ಮೊತ್ತವನ್ನು ಅಣ್ಣನ ಡ್ರಾಯಿಂಗ್ಸ್ ಖಾತೆಗೆ ಖರ್ಚು ಬರೆಯಬೇಕು. ಆಗ ಆದಾಯದಲ್ಲಿಯೂ ತೆರಿಗೆಯಲ್ಲಿಯೂ ಇಬ್ಬರಿಗೂ ಸಮಪಾಲು. ಉಪಭೋಗದ ಹೊರೆ ಮಾತ್ರ ಅನುಭವಿಸಿದವನದು. ಮುಂದಿನ ಬಾರಿ ತಮ್ಮ ಹೋದರೆ ಅವನ ಖಾತೆಗೆ ಅದೇ ರೀತಿ. ನಾಲ್ಕು ಸಾಲಿನ ಈ ಬರವಣಿಗೆ ಮನೆಯ ಶಾಂತಿಗೆ ಹಡಗಿಗಿಂತ ಹೆಚ್ಚು ನೆರವಾದೀತು.

ಗಿರಾಕಿಯ ಪಾಲೇನು

ಲೆಕ್ಕದ ಪುಸ್ತಕದಲ್ಲಿ ಕಾಣದ ಇನ್ನೊಬ್ಬನಿದ್ದಾನೆ, ಅವನು ರೈತ. ಮಾವಿಗೆ ಜಿಗಿಹುಳ ಬಿದ್ದಾಗ, ಗೋವಿನಜೋಳಕ್ಕೆ ಸೈನಿಕ ಹುಳು ಹತ್ತಿದಾಗ, ಎಲೆಬಳ್ಳಿಗೆ ರೋಗ ತಗುಲಿದಾಗ ಅವನು ಮೊದಲು ಬರುವುದು ಅಂಗಡಿಗೆ. 'ಯಾವುದು ಒಳ್ಳೇದೋ ಕೊಡ್ರಿ' ಎನ್ನುತ್ತಾನೆ. ಆ ಗಳಿಗೆಯಲ್ಲಿ ಕಪಾಟಿನಿಂದ ಇಳಿಯುವುದು ಬೆಳೆಗೆ ಬೇಕಾದ ಡಬ್ಬಿಯೋ, ಗುರಿಗೆ ಬೇಕಾದ ಡಬ್ಬಿಯೋ? ಹಂಗಾಮಿನ ಕೊನೆಯಲ್ಲಿ ಗುರಿ ತಲುಪಲು ಇನ್ನು ಸ್ವಲ್ಪವೇ ಉಳಿದಾಗ ಈ ಪ್ರಶ್ನೆ ಪ್ರಾಮಾಣಿಕ ವರ್ತಕನನ್ನೂ ಕಾಡುತ್ತದೆ.

ವೈದ್ಯರ ವಿಷಯದಲ್ಲಿ ದೇಶ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಔಷಧ ಕಂಪನಿಗಳು ವೈದ್ಯರಿಗೆ ಕೊಡುವ ಉಡುಗೊರೆ, ಸೌಲಭ್ಯಗಳ ವೆಚ್ಚವನ್ನು ತಮ್ಮ ಆದಾಯದಿಂದ ಕಳೆಯುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2022ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. 2024ರ ಮಾರ್ಚಿನಲ್ಲಿ ಕೇಂದ್ರದ ಔಷಧ ಇಲಾಖೆ ಹೊರಡಿಸಿದ ಮಾರಾಟ ಸಂಹಿತೆಯು, ಉಪನ್ಯಾಸಕರಾಗಿ ಭಾಗವಹಿಸುವಂತಹ ಸಂದರ್ಭಗಳ ಹೊರತು, ವೈದ್ಯರಿಗೂ ಅವರ ಕುಟುಂಬದವರಿಗೂ ಪ್ರವಾಸ ಸೌಲಭ್ಯ ಕೊಡಕೂಡದೆಂದಿತು. ವರ್ತಕನು ವೈದ್ಯನಲ್ಲ, ವ್ಯಾಪಾರದಲ್ಲಿ ಪ್ರೋತ್ಸಾಹ ಪಡೆಯುವುದು ಅಪರಾಧವೂ ಅಲ್ಲ. ಆದರೆ ಬೆಳೆಯ ಔಷಧ ಕೊಡುವವನ ಮಾತಿಗೂ ರೈತನು ವೈದ್ಯನ ಮಾತಿನಷ್ಟೇ ಬೆಲೆ ಕೊಡುತ್ತಾನೆ. ಆ ನಂಬಿಕೆಯೇ ತಾಲ್ಲೂಕು ಪೇಟೆಯ ಅಂಗಡಿಕಾರನ ನಿಜವಾದ ಬಂಡವಾಳ. ಅದು ಕರಗಿದರೆ ಯಾವ ಕಂಪನಿಯೂ ತುಂಬಿಕೊಡದು.

ಮಾಡಬೇಕಾದದ್ದು

ಹಂಗಾಮಿನ ಆರಂಭದಲ್ಲಿಯೇ ಯೋಜನೆಯ ಷರತ್ತುಗಳನ್ನೂ ಪ್ರವಾಸದ ಹಣದ ಮೌಲ್ಯವನ್ನೂ ಕಂಪನಿಯಿಂದ ಬರಹದಲ್ಲಿ ಪಡೆಯಬೇಕು. ತೆರಿಗೆಯನ್ನು ಕಂಪನಿ ತನ್ನ ಕೈಯಿಂದ ಭರಿಸುವುದೋ, ಪೇಢಿ ಭರಿಸಬೇಕೋ ಎಂಬುದೂ ಅದರಲ್ಲಿರಬೇಕು. ಮಾರಾಟವಾಗದೆ ಉಳಿದ ಸರಕನ್ನು ಮರಳಿ ಪಡೆಯುವ ಅವಧಿ ನಮೂದಾಗಿರಬೇಕು.

ಪ್ರವಾಸದ ಬದಲು ಬಿಲ್ಲಿನಲ್ಲಿ ರಿಯಾಯಿತಿ ಅಥವಾ ಕ್ರೆಡಿಟ್ ನೋಟ್ ಪಡೆಯುವ ಆಯ್ಕೆಯನ್ನು ಕೇಳಬೇಕು. ಮಾರಾಟದ ರಿಯಾಯಿತಿ, ನಗದು ವಟಾವುಗಳು ಮೂಲದಲ್ಲಿನ ಈ ಕಡಿತಕ್ಕೆ ಒಳಪಡುವುದಿಲ್ಲವೆಂದು ಅದೇ ಸುತ್ತೋಲೆ ಹೇಳಿದೆ. ರಿಯಾಯಿತಿಯಿಂದ ಲಾಭ ಹೆಚ್ಚಿ ಅದಕ್ಕೂ ಆದಾಯ ತೆರಿಗೆ ಬರುತ್ತದೆ, ನಿಜ. ಆದರೆ ಆ ತೆರಿಗೆ ಕಟ್ಟಲು ಕೈಯಲ್ಲಿ ಹಣವಿರುತ್ತದೆ. ಉಳಿದದ್ದು ಬ್ಯಾಂಕಿನ ಸಾಲವನ್ನು ಇಳಿಸುತ್ತದೆ. ಹಡಗಿನ ಟಿಕೆಟಿನಿಂದ ಸಾಲ ಇಳಿಯುವುದಿಲ್ಲ.

ಈ ಬೇಡಿಕೆಯನ್ನು ಒಬ್ಬ ಅಂಗಡಿಕಾರ ಮುಂದಿಟ್ಟರೆ ಕಂಪನಿ ನಕ್ಕು ಸುಮ್ಮನಾಗಬಹುದು. ಪಕ್ಕದ ಅಂಗಡಿಗೆ ಹೋಗಲೂಬಹುದು. ವಾಣಿಜ್ಯೋದ್ಯಮ ಸಂಸ್ಥೆಗಳೂ ಬೀಜ–ಗೊಬ್ಬರ ಮಾರಾಟಗಾರರ ಸಂಘಗಳೂ ಒಟ್ಟಾಗಿ ಒಂದು ಮಾದರಿ ಷರತ್ತು ಪತ್ರವನ್ನು ಸಿದ್ಧಪಡಿಸಿ, ಪ್ರತಿ ಯೋಜನೆಯಲ್ಲಿಯೂ 'ಪ್ರವಾಸ ಅಥವಾ ರಿಯಾಯಿತಿ' ಎಂಬ ಆಯ್ಕೆಯನ್ನು ಆಗ್ರಹಿಸಿದರೆ ಮಾತಿಗೆ ತೂಕ ಬರುತ್ತದೆ. ಸಣ್ಣ ವರ್ತಕನ ಲಾಭಾಂಶವನ್ನು ಅವನಿಗೆ ಬೇಕಾದ ರೂಪದಲ್ಲಿ ಕೊಡಿಸುವುದು ಸಂಘಟನೆಯ ಕೆಲಸವೇ ಹೌದು.

ಹಾನಗಲ್ಲಿನ ದಂಪತಿಗಳು ಸಮುದ್ರ ನೋಡಬಾರದೆಂದು ಯಾರೂ ಹೇಳರು. ದುಡಿದವರಿಗೆ ವಿಶ್ರಾಂತಿ ಸಲ್ಲಬೇಕು. ಉದ್ರಿ ಪುಸ್ತಕ ಬರೆದ ಕೈಗಳಿಗೆ ಅದು ಇನ್ನೂ ಹೆಚ್ಚು ಸಲ್ಲಬೇಕು. ಅದಕ್ಕೆಂದು ವರ್ಷವೂ ಲಾಭದಿಂದ ಸ್ವಲ್ಪ ಬೇರೆ ತೆಗೆದಿಟ್ಟು, ತಮಗೆ ಅನುಕೂಲವಾದ ಕಾಲದಲ್ಲಿ, ತಮಗೆ ಇಷ್ಟವಾದ ಕಡೆಗೆ ಹೋಗುವುದು ಲೇಸು. ಕಂಪನಿಯ ಹಡಗನ್ನೇ ಏರುವುದಾದರೆ, ಅದು ದಾನವಲ್ಲ, ತಾವೇ ಗಳಿಸಿದ ಲಾಭಾಂಶದ ಇನ್ನೊಂದು ರೂಪ ಎಂಬುದನ್ನು ತಿಳಿದು, ಕೀರ್ದಿಯಲ್ಲಿ ಬರೆದು ಏರಬೇಕು. ಕುಮಟೆಗೆ ಹತ್ತಿ ಕಳುಹಿಸಿದ ಹಿರಿಯರು ಲೆಕ್ಕವಿಲ್ಲದೆ ಒಂದು ಅಂಡಿಗೆಯನ್ನೂ ಹಡಗಿಗೆ ಏರಿಸಿದವರಲ್ಲ.